ಅರಳೆಯ ಆಚೆಗಿದ್ದದ್ದು

ಕರಡಿಹಾಳದಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ಯಾರ ಕಿಸೆಯಲ್ಲೂ ಫೋನು ಸದ್ದು ಮಾಡಿರಲಿಲ್ಲ.

ಊರು ಇರುವುದು ಬೋಗುಣಿಯಂಥ ತಗ್ಗಿನಲ್ಲಿ. ಸುತ್ತಲೂ ಗುಂಡುಬಂಡೆಗಳ ಗುಡ್ಡ. ಹೊರಗಿನ ರೇಡಿಯೋ ಅಲೆಗಳು ಆ ಕಲ್ಲಿನ ಗೋಡೆ ದಾಟಿ ಒಳಗೆ ಬರುವುದು ಕಡಿಮೆ. ಆ ಒಂದು ಕಾರಣಕ್ಕೆ ತುಂಗಭದ್ರೆಯ ಎಡದಂಡೆಯ ಈ ತಗ್ಗನ್ನು ಆರಿಸಿ, ಮುನ್ನೂರ ಇಪ್ಪತ್ತು ರೇಡಿಯೋ ದೂರದರ್ಶಕಗಳನ್ನು ನೆಟ್ಟಿದ್ದರು. ಒಂದೊಂದೂ ಆಕಾಶಕ್ಕೆ ಬಾಯಿ ತೆರೆದ ತಂತಿಯ ಬುಟ್ಟಿಯಂತೆ ಕಾಣುತ್ತಿತ್ತು. ಊರವರು ಆ ಸಂಸ್ಥೆಯ ಉದ್ದದ ಹೆಸರನ್ನು ಬಿಟ್ಟು ಬುಟ್ಟಿ ಆಫೀಸು ಎಂದೇ ಕರೆಯುತ್ತಿದ್ದರು.

ಬುಟ್ಟಿಗಳಿಗೆ ಮೌನ ಬೇಕಿತ್ತು. ಆದ್ದರಿಂದ ಊರಿನ ಜೊತೆ ಇಪ್ಪತ್ನಾಲ್ಕು ವರ್ಷದ ಒಪ್ಪಂದವಾಗಿತ್ತು. ತಗ್ಗಿನೊಳಗೆ ಮೊಬೈಲ್ ಇಲ್ಲ, ನಿಸ್ತಂತು ಯಾವುದೂ ಇಲ್ಲ. ಟಿವಿ ಬಂದರೆ ಕೇಬಲ್ಲಿನಲ್ಲಿ ಬರಬೇಕು. ಮಿಕ್ಸರನ್ನು ತವರದ ಪೆಟ್ಟಿಗೆಯೊಳಗಿಟ್ಟು ತಿರುಗಿಸಬೇಕು. ಪೆಟ್ರೋಲ್ ಬೈಕಿನ ಕಿಡಿಯೂ ರೇಡಿಯೋದಲ್ಲಿ ಚಟಪಟ ಎನ್ನುವುದರಿಂದ ಬೈಕುಗಳನ್ನು ಗುಡ್ಡದಾಚೆ ನಿಲ್ಲಿಸಿ ಬರಬೇಕು. ಡೀಸೆಲ್ ಟ್ರ್ಯಾಕ್ಟರಿಗೆ ಮಾತ್ರ ಒಪ್ಪಿಗೆ. ಓಣಿಗೊಂದರಂತೆ ಐದು ತಂತಿ ಫೋನುಗಳಿದ್ದವು. ಮನಸ್ಸು ಬಿಚ್ಚಿ ಮಾತಾಡಬೇಕಾದವರು ಭಾನುವಾರ ಗುಡ್ಡ ಹತ್ತಿ ಇಳಿದು, ಆಚೆ ಬದಿಯ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ಮೊಬೈಲಿನಲ್ಲಿ ಮಾತಾಡಿ ಬರುತ್ತಿದ್ದರು. ಅದಕ್ಕೆ ಸಿಗ್ನಲ್ ಬಂಡೆ ಎಂದು ಹೆಸರಾಗಿತ್ತು. ಕರಡಿಹಾಳಕ್ಕೆ ಹೆಣ್ಣು ಕೊಡಲು ಹೊರಗಿನವರು ಹಿಂದೆಮುಂದೆ ನೋಡುತ್ತಿದ್ದರು. ಮಗಳ ದನಿ ವಾರಕ್ಕೊಮ್ಮೆ ಮಾತ್ರ ಕೇಳುವ ಊರು ಯಾರಿಗೆ ಬೇಕು?

ಒಪ್ಪಂದ ಮುಗಿಯಲು ಒಂಬತ್ತು ದಿನ ಉಳಿದಿದ್ದಾಗ, ಬುಟ್ಟಿ ಆಫೀಸಿನ ಮುಖ್ಯಸ್ಥೆ ನೀಲಾಂಬಿಕಾ ಪಟ್ಟಣಶೆಟ್ಟಿ ಪಂಚಾಯಿತಿ ಅಧ್ಯಕ್ಷೆ ಹುಲಿಗೆವ್ವನ ಮನೆಗೆ ಬಂದರು. ಹುಲಿಗೆವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಮೇಡಂ, ಕುಂದರ್ರಿ. ಕಾಗದ ತಂದೀರೋ, ಬಾಯಿಲೇ ಹೇಳ್ತೀರೋ?"

"ಬಾಯಿಲೇ ಹೇಳ್ತೀನಿ ಹುಲಿಗೆವ್ವಕ್ಕ. ಇನ್ನೂ ಹನ್ನೊಂದು ದಿನ ಬೇಕಾಗ್ಯಾವ."

ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. "ಟವರ್ ಎದ್ದು ನಿಂತು ತಿಂಗಳಾತು. ಮಂದಿ ಫೋನ್ ತಂದು ಟ್ರಂಕಿನೊಳಗ ಇಟ್ಟುಕೊಂಡು ಕುಂತಾರ. ಮಾರ್ಚ್ ಒಂದಕ್ಕ ಚಾಲೂ ಮಾಡಿಸ್ತೀನಿ ಅಂತ ನಾನೇ ಮಾತು ಕೊಟ್ಟೀನಿ."

"ಗೊತ್ತೈತಿ. ಹಿಂಗಾರಿ ಮಳಿಯೊಳಗ ಸಿಡಿಲು ಬಿದ್ದು, ಅಲೆ ಅಳಿಯೋ ನಮ್ಮ ಗಡಿಯಾರ ಕೆಟ್ಟಿತ್ತು. ಸರಿ ಮಾಡಾಕ ಹನ್ನೊಂದು ದಿನ ಹಿಡೀತು. ಅಷ್ಟೇ ದಿನ ಕೇಳಾಕ ಬಂದೀನಿ."

ಹುಲಿಗೆವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಮಾತಾಡಿದಳು. "ನನ್ನ ಗಂಡಗ ಹಾವು ಕಡಿದಾಗ ಹೊಲದ ಸನೇಕ ಇದ್ದ ನಿಮ್ಮ ಫೋನಿನ ತಂತಿ ಹರಿದಿತ್ತು. ನನ್ನ ಮೈದುನ ಗುಡ್ಡ ದಾಟಿ ಗಾಡಿ ತರೋದರಾಗ ಹೊತ್ತು ನೆತ್ತಿಗೆ ಬಂದಿತ್ತು. ಹಾದಿಯೊಳಗೇ ಹೋದರು. ಹತ್ತೊಂಬತ್ತು ವರ್ಷ ಆತು."

ನೀಲಾಂಬಿಕಾಗೆ ಅದು ನೆನಪಿತ್ತು. ಆ ದಿನ ಮಣ್ಣಿಗೆ ಅವರೂ ಹೋಗಿದ್ದರು. ನಾಲ್ಕು ವರ್ಷದ ಒಂದು ಹುಡುಗಿ ತಾಯಿಯ ಸೆರಗು ಹಿಡಿದು ನಿಂತಿದ್ದಳು. ಆ ಹುಡುಗಿ ನಾಗವೇಣಿ ಈಗ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು.

"ನಾನು ಬೈಯಾಕತ್ತಿಲ್ಲ" ಎಂದಳು ಹುಲಿಗೆವ್ವ. "ಆದರ ಇಷ್ಟು ವರ್ಷ ನಾವು ಸುಮ್ಮನಿದ್ವಿ. ಆ ಸುಮ್ಮನಿರೋದನ್ನ ತಗೊಂಡು ನೀವು ಏನು ಮಾಡಿದ್ರಿ ಅಂತ ಯಾರೂ ಬಂದು ಹೇಳಲಿಲ್ಲ. ಮೊದಲು ಅದನ್ನ ತೋರಸ್ರಿ. ಹನ್ನೊಂದು ದಿನದ ಮಾತು ಆಮ್ಯಾಲೆ."

ನೀಲಾಂಬಿಕಾ ತಲೆ ತಗ್ಗಿಸಿದರು. "ನಾಳೆ ಬರ್ರಿ" ಎಂದರು.

ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಹುಲಿಗೆವ್ವ ಅವರ ಮುಂದಿಟ್ಟಳು. ಇಬ್ಬರೂ ಕೂತು ಉಂಡರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹುಲಿಗೆವ್ವ ಬುಟ್ಟಿ ಆಫೀಸಿನ ನಿಯಂತ್ರಣ ಕೊಠಡಿಗೆ ಬಂದಳು. ಗೋಡೆಗೆಲ್ಲ ತಾಮ್ರದ ಜಾಳಿಗೆ ಹೊದಿಸಿದ ಕೋಣೆ. ಒಳಗಿನ ಕಂಪ್ಯೂಟರುಗಳ ಗದ್ದಲ ಹೊರಗಿನ ಬುಟ್ಟಿಗಳಿಗೆ ಕೇಳಬಾರದಲ್ಲ. ಗಡಿಯಾರದ ಉಸ್ತುವಾರಿಯ ಇಂಜಿನಿಯರ್ ಖಾಜಾಹುಸೇನ್ ಮುಲ್ಲಾ ಆಕೆಗೆ ಕುರ್ಚಿ ಕೊಟ್ಟ. ಅವನೂ ಅದೇ ಊರಿನವನು. ಊರಿನ ಶಾಲೆಯಲ್ಲಿ ಹುಲಿಗೆವ್ವನಿಗಿಂತ ನಾಲ್ಕು ತರಗತಿ ಹಿಂದೆ ಓದಿದವನು.

ಪರದೆಯ ಮೇಲೆ ಬೂದುಬಣ್ಣದ ಒಂದು ಮಬ್ಬು ತುಣುಕು ಇತ್ತು. ಅಂಚು ಎಲ್ಲಿ ಎಂದು ಹೇಳಲಾಗದಂಥದ್ದು.

"ಇದು ಅರಳೆ" ಎಂದರು ನೀಲಾಂಬಿಕಾ. "ಹತ್ತಿಯಿಂದ ಬೀಜ ತೆಗೆದ ಮ್ಯಾಲೆ ಉಳಿಯೋ ಅರಳೆ ಇದ್ದಂಗ ಕಂಡಿತು. ಅದಕ್ಕ ಆ ಹೆಸರಿಟ್ಟೆ."

ಅರಳೆ ನಮ್ಮಿಂದ ಒಂದು ಕೋಟಿ ಮೂವತ್ತು ಲಕ್ಷ ಜ್ಯೋತಿರ್ವರ್ಷ ದೂರದ ಒಂದು ಕುಬ್ಜ ಗೆಲಾಕ್ಸಿ. ನಮ್ಮ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಮಿಕ್ಕಿ ನಕ್ಷತ್ರಗಳಿದ್ದರೆ ಅರಳೆಯಲ್ಲಿರುವುದು ಒಂದೆರಡು ಲಕ್ಷ. ಅವೂ ಮುದಿಯಾದವು, ಕೆಂಪಗೆ ಮಂಕಾದವು. ಎಷ್ಟೇ ದೊಡ್ಡ ಕನ್ನಡಿಯ ದುರ್ಬೀನು ತಿರುಗಿಸಿದರೂ ಅದು ಕಂಡೂ ಕಾಣದಂತೆ ಕಾಣುತ್ತದೆ. ಆದರೆ ಅಲ್ಲಿ ಅನಿಲ ತುಂಬಿದೆ, ನಕ್ಷತ್ರಗಳ ಇಪ್ಪತ್ತು ಪಟ್ಟು ತೂಕದ ಜಲಜನಕ. ಸಾವಿರ ಕೋಟಿ ವರ್ಷಗಳಿಂದ ಆ ಅನಿಲ ನಕ್ಷತ್ರವಾಗದೆ, ಚದುರಿಯೂ ಹೋಗದೆ, ಸುಮ್ಮನೆ ತಿರುಗುತ್ತಿದೆ. ತಿರುಗುವಾಗ ಸಣ್ಣ ರೇಡಿಯೋ ಅಲೆ ಬಿಡುತ್ತದೆ. ಚಂದ್ರನ ಮೇಲೆ ಯಾರಾದರೂ ಒಂದು ಮೊಬೈಲ್ ಹಚ್ಚಿಟ್ಟರೆ, ಅದು ಅರಳೆಗಿಂತ ಸಾವಿರ ಪಟ್ಟು ಜೋರಾಗಿ ಕೇಳೀತು.

"ಜೋಳದ ಹೊಲದಾಗ ಹಕ್ಕಿ ಹೊಡಿಯಾಕ ಕವಣಿ ಬೀಸ್ತೀರಲ್ಲ" ಎಂದರು ನೀಲಾಂಬಿಕಾ. "ಬೀಸುವಾಗ ಕಲ್ಲು ಹಾರಿ ಹೋಗದಂಗ ಹಿಡಿಯೋದು ಯಾವುದು?"

"ಹಗ್ಗ."

"ಅರಳೆಯೊಳಗಿನ ಅನಿಲಾನೂ ಹಂಗೇ ತಿರುಗಾಕತ್ತೈತಿ, ಸೆಕೆಂಡಿಗೆ ಹದಿನೆಂಟು ಕಿಲೋಮೀಟರ್. ಆ ಬಿರುಸಿಗೆ ಅದು ಯಾವಾಗೋ ಹಾರಿ ಹೋಗಬೇಕಿತ್ತು. ಹಿಡಿದಿಡಾಕ ಎಷ್ಟು ತೂಕ ಬೇಕೋ ಅದರಾಗ ನೂರಕ್ಕ ನಾಕು ಪಾಲು ಅಷ್ಟೇ ಕಾಣತೈತಿ. ಉಳಿದ ತೊಂಬತ್ತಾರು ಪಾಲು ಹಗ್ಗ ಕಾಣಂಗಿಲ್ಲ. ಅದಕ್ಕ ನಾವು ಕಪ್ಪುದ್ರವ್ಯ ಅಂತೀವಿ."

"ಕಪ್ಪಗೈತೇನು?"

"ಕಪ್ಪೂ ಅಲ್ಲ. ಬೆಳಕು ಅದರೊಳಗ ಹಾದು ಹೋಗಿಬಿಡತೈತಿ. ಕಲ್ಲೂ ಹಾದು ಹೊಕ್ಕೈತಿ, ನಾವೂ ಹಾದು ಹೊಕ್ಕೀವಿ. ಅದರ ತೂಕ ಒಂದೇ ನಮಗ ಗೊತ್ತಾಗೋದು."

"ನೀವು ಹೇಳೋದು ಅಲ್ಲೆ ಮ್ಯಾಲಿಂದು. ಇಲ್ಲೆ?"

"ಇಲ್ಲೂ ಐತಿ. ಈ ಕೋಣಿಯೊಳಗೂ. ನಿಮ್ಮ ಕೈಯೊಳಗ ಈಗಲೂ ಹಾದು ಹೋಗಾಕತ್ತೈತಿ."

ಹುಲಿಗೆವ್ವ ಬಲಗೈ ಮೇಲೆತ್ತಿ ನೋಡಿದಳು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು. ಕೈಯನ್ನು ಮಗುಚಿ ಇನ್ನೊಂದು ಮಗ್ಗುಲನ್ನೂ ನೋಡಿದಳು. ಹೊರಗೆ ಮುನ್ನೂರ ಇಪ್ಪತ್ತು ಬುಟ್ಟಿಗಳು ಒಟ್ಟಿಗೇ ಒಂದು ಕೂದಲೆಳೆಯಷ್ಟು ಪಶ್ಚಿಮಕ್ಕೆ ವಾಲಿದ ಸದ್ದು ಕೇಳಿಸಿತು.

"ಇದು ನಿಮಗ ಮೊದಲೇ ಗೊತ್ತಿತ್ತು" ಎಂದಳು ಕೊನೆಗೆ. "ಹಂಗಾದರ ಇಪ್ಪತ್ನಾಕು ವರ್ಷ ಯಾಕ?"

ಉತ್ತರ ಹೇಳಿದ್ದು ಖಾಜಾಹುಸೇನ್. "ಹಗ್ಗ ಐತಿ ಅಂತ ಗೊತ್ತಕ್ಕ. ಎಲ್ಲಿಂದ, ಎಷ್ಟು ಬಿಗಿಯಾಗಿ ಎಳಿಯಾಕತ್ತೈತಿ ಅಂತ ಯಾರೂ ನೋಡಿಲ್ಲ. ಎಳೆದರ ಅನಿಲದ ವೇಗ ಬದಲಾಗಬೇಕಲ್ಲ? ಅರಳೆಯ ಹಿಂದ ಬಲು ದೂರದಾಗ ಹದಿನೇಳು ರೇಡಿಯೋ ಚುಕ್ಕಿ ಅದಾವ. ಅವುಗಳ ಅಲೆ ಅರಳೆಯ ಅನಿಲದೊಳಗ ತೂರಿ ಬರುವಾಗ ಅನಿಲದ ವೇಗದ ಗುರುತು ತಗೊಂಡು ಬರತಾವ. ಮೇಡಂ ಇಪ್ಪತ್ನಾಕು ವರ್ಷದ ಹಿಂದ ಆ ಹದಿನೇಳು ಕಡೆ ಅಳತಿ ತಗೊಂಡಿದ್ರು. ಈಗ ಅವೇ ಹದಿನೇಳು ಕಡೆ ಮತ್ತ ತಗೋಬೇಕು."

"ಎಷ್ಟು ಬದಲಾಗಿರತೈತಿ?"

"ಸೆಕೆಂಡಿಗೆ ನಾಕು ಮಿಲಿಮೀಟರ್" ಎಂದರು ನೀಲಾಂಬಿಕಾ. "ಬಸವನಹುಳು ತೆವಳತೈತಲ್ಲ, ಅಷ್ಟು. ಒಂದು ಕೋಟಿ ಜ್ಯೋತಿರ್ವರ್ಷದ ಆಚೆ ಒಂದು ಬಸವನಹುಳದ ವೇಗ ಹೆಚ್ಚು ಕಡಿಮಿ ಆಗಿದ್ದನ್ನ ಇಲ್ಲಿ ಕುಂತು ಕೇಳಬೇಕು. ಅದಕ್ಕ ಇಷ್ಟು ಮೌನ ಬೇಕಾತು."

ಮೊದಲ ಅಳತೆ ತೆಗೆದಾಗ ನೀಲಾಂಬಿಕಾಗೆ ಮೂವತ್ತಮೂರು. ಅವರ ಗಂಡ ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಸಂಸಾರ ನಡೆದದ್ದು ಹೆಚ್ಚಾಗಿ ಅಂಚೆಯಲ್ಲಿ. ಸಿಗ್ನಲ್ ಬಂಡೆಯ ಮೇಲೆ ಭಾನುವಾರ ಕೊಡೆ ಹಿಡಿದು ಕೂತು ಮಾತಾಡುವವರಲ್ಲಿ ಅವರೂ ಒಬ್ಬರು. ತಂದೆ ತೀರಿಕೊಂಡ ಸುದ್ದಿ ಅವರಿಗೆ ಒಂದು ದಿನ ತಡವಾಗಿ ತಲುಪಿತ್ತು. ಅದನ್ನು ಅವರು ಯಾರ ಮುಂದೆಯೂ ಹೇಳಿಕೊಂಡವರಲ್ಲ. ಹುಲಿಗೆವ್ವನ ಮುಂದೆಯೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಗ್ರಾಮಸಭೆ ಸೇರಿತು. ಶಾಲೆಯ ತಗಡಿನ ಚಪ್ಪರದ ಕೆಳಗೆ ಮುನ್ನೂರು ಜನ. ಮೊದಲು ಎದ್ದು ನಿಂತವಳು ನಾಗವೇಣಿ.

"ಕಳೆದ ವರ್ಷ ಮೂರು ಹೆರಿಗಿ ಟ್ರ್ಯಾಕ್ಟರಿನ ಟ್ರಾಲಿಯೊಳಗ ಆದವು" ಎಂದಳು. "ಒಂದು ಕೂಸು ಉಳೀಲಿಲ್ಲ. ಆಕಾಶದಾಗ ಏನೈತಿ ಅಂತ ನೋಡಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಆದರ ಹನ್ನೊಂದು ದಿನದಾಗ ಏನಾದರೂ ಆದರ ನಾನು ಯಾರ ಅಪ್ಪಣಿ ಕೇಳಬೇಕು?"

"ಯಾರದೂ ಬ್ಯಾಡ" ಎಂದರು ನೀಲಾಂಬಿಕಾ. "ಒಂದು ವೈರ್‌ಲೆಸ್ ಸೆಟ್ ನಿಮ್ಮ ಕೈಯಾಗೇ ಕೊಡ್ತೀನಿ. ತಾಲ್ಲೂಕು ಆಸ್ಪತ್ರಿಗೆ ನೇರ ಮಾತು. ಬೇಕು ಅನಿಸಿದರ ಒತ್ತಿಬಿಡ್ರಿ. ನನಗ ಹೇಳೋದೂ ಬ್ಯಾಡ."

"ಒತ್ತಿದರ ನಿಮ್ಮ ಕೆಲಸ?"

"ಆ ದಿನದ್ದು ಹೋಗತೈತಿ."

ಜನ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಹಿಂದಿನ ಸಾಲಿನ ಒಬ್ಬ ಮುದುಕ, ಏನೇ ಗೊತ್ತಾದರೂ ದಿಲ್ಲಿಗಿಂತ ಮೊದಲು ಕರಡಿಹಾಳಕ್ಕೆ ಹೇಳಬೇಕು ಎಂದ. ಅದಕ್ಕೆ ಎಲ್ಲರೂ ಹೌದೆಂದರು. ಹುಲಿಗೆವ್ವ ಕೈ ಎತ್ತಲು ಹೇಳಿದಳು. ಎತ್ತಿದ ಕೈಗಳಲ್ಲಿ ನಾಗವೇಣಿಯದೂ ಇತ್ತು.

ಹೆಚ್ಚಿನ ಹನ್ನೊಂದು ದಿನ ಮಾರ್ಚ್ ಒಂದಕ್ಕೆ ಶುರುವಾದವು. ಆ ದಿನಗಳಲ್ಲಿ ಅರಳೆ ಬೆಳಿಗ್ಗೆ ಒಂಬತ್ತಕ್ಕೆ ಪೂರ್ವದ ಗುಡ್ಡದ ಮೇಲೆ ಬಂದು ಸಂಜೆ ನಾಲ್ಕಕ್ಕೆ ಪಶ್ಚಿಮದಲ್ಲಿ ಇಳಿಯುತ್ತಿತ್ತು. ರೇಡಿಯೋ ದೂರದರ್ಶಕಕ್ಕೆ ಹಗಲಿನ ಬೆಳಕು ಅಡ್ಡಿಯಲ್ಲ. ಜನ ಹೊಲದಲ್ಲಿ ಜೋಳ ಕೊಯ್ಯುತ್ತಿರುವಾಗ ಅವರ ನೆತ್ತಿಯ ಮೇಲೇ ಕಾಣದ ಗೆಲಾಕ್ಸಿ ಹಾದು ಹೋಗುತ್ತಿತ್ತು. ಹೆಂಗಸರು ಒಮ್ಮೊಮ್ಮೆ ಕುಡುಗೋಲು ನಿಲ್ಲಿಸಿ ಕಣ್ಣಿಗೆ ಕೈ ಅಡ್ಡ ಹಿಡಿದು ನೀಲಿ ಆಕಾಶ ನೋಡುತ್ತಿದ್ದರು. ಮೇಲೆ ಏನೂ ಕಾಣುತ್ತಿರಲಿಲ್ಲ. ಆದರೂ ನೋಡುತ್ತಿದ್ದರು.

ಹುಲಿಗೆವ್ವ ದಿನಾ ಮನೆಗೆಲಸ ಮುಗಿಸಿ ನಿಯಂತ್ರಣ ಕೊಠಡಿಗೆ ಬರತೊಡಗಿದಳು. ಹಿಂದುಗಡೆ ಕೂತು ಮಡಿಲಲ್ಲಿ ಹಸಿ ಕಡಲೆಗಿಡ ಹಾಕಿಕೊಂಡು ಕಾಯಿ ಬಿಡಿಸುತ್ತಿದ್ದಳು. ಕೇಳಬೇಕೆನಿಸಿದಾಗ ಕೇಳುತ್ತಿದ್ದಳು. ಗಡಿಯಾರವನ್ನು ಬಂಡೆಯೊಳಗೆ ಕೊರೆದ ಕೋಣೆಯಲ್ಲಿ ಇಟ್ಟಿದ್ದೇಕೆ, ಭೂಮಿಯೇ ತಿರುಗುತ್ತಿರುವಾಗ ಬಸವನಹುಳದ ಲೆಕ್ಕ ತಪ್ಪುವುದಿಲ್ಲವೇ, ಹೀಗೆ. ಖಾಜಾಹುಸೇನ್ ಸಮಾಧಾನದಿಂದ ಹೇಳುತ್ತಿದ್ದ. ಭೂಮಿಯ ತಿರುಗಾಟ, ಸೂರ್ಯನ ಸುತ್ತಿನ ಓಟ, ಚಂದ್ರನ ಎಳೆತ, ಎಲ್ಲವನ್ನೂ ಒಂದೊಂದಾಗಿ ಕಳೆಯುತ್ತ ಹೋಗಬೇಕು. ಕಳೆದು ಕಳೆದು ಕೊನೆಗೆ ಉಳಿಯುವುದೇ ಅರಳೆಯದು. ಐದನೆಯ ದಿನದ ಹೊತ್ತಿಗೆ ಆಕೆ ನೀಲಾಂಬಿಕಾರನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕಾರ ಎನ್ನತೊಡಗಿದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಪರದೆ ಬೆಳ್ಳಗಾಯಿತು.

ಒಂದೇ ಗಳಿಗೆ. ಅರಳೆಯ ಬೂದು ತುಣುಕಿದ್ದ ಕಡೆ ಬಿಳಿಯ ಗೋಡೆ ಎದ್ದಿತು. ಎಚ್ಚರಿಕೆಯ ಗಂಟೆ ಬಾರಿಸಿತು. ಕೋಣೆಯಲ್ಲಿದ್ದ ಇಬ್ಬರು ಸಂಶೋಧಕರು ಎದ್ದು ನಿಂತರು. ಖಾಜಾಹುಸೇನ್ ಅಲೆಯ ತರಂಗಾಂತರ ನೋಡಿ, "ಆಸ್ಪತ್ರಿ ಸೆಟ್" ಎಂದ.

ಹುಲಿಗೆವ್ವನ ಮಡಿಲಿನ ಕಡಲೆಕಾಯಿ ನೆಲಕ್ಕೆ ಬಿತ್ತು. "ನಮ್ಮ ನಾಗವೇಣೀದಾ?"

"ಹೌದು."

"ಈ ಬೆಳ್ಳಗ ಕಾಣೋದು ಆಕಿ ಮಾತಾಡಾಕತ್ತಿದ್ದಾ?"

"ಹೌದಕ್ಕ. ಆಕಿ ದನಿ."

ಸಂಶೋಧಕರಲ್ಲಿ ಒಬ್ಬ, ಸ್ವಲ್ಪ ಹೊತ್ತು ಬಿಟ್ಟು ಮಾತಾಡಲು ಕೇಳಬಹುದೇ, ಅರಳೆ ನೆತ್ತಿಯ ಹತ್ತಿರವಿದ್ದು ಚೆನ್ನಾಗಿ ಕೇಳುವುದು ಇನ್ನು ಎರಡೇ ಗಂಟೆ ಎಂದು ಮೆಲ್ಲಗೆ ಹೇಳಿದ. ನೀಲಾಂಬಿಕಾ ಅವನ ಕಡೆ ತಿರುಗದೆಯೇ, "ಯಾರೂ ಆಕೆಯನ್ನು ತಡೆಯಬೇಡಿ. ಸ್ಪೀಕರಿಗೆ ಹಾಕಿ" ಎಂದರು.

ಗೆಲಾಕ್ಸಿಗಳನ್ನು ಕೇಳಲು ಕಟ್ಟಿದ ಆ ಯಂತ್ರದಿಂದ ನಾಗವೇಣಿಯ ದನಿ ಬಂತು. ಏದುಸಿರು ಬಿಡುತ್ತಿದ್ದಳು, ಆದರೆ ಮಾತು ತಪ್ಪುತ್ತಿರಲಿಲ್ಲ. ಉತ್ತರದ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಬೀರಪ್ಪನ ಮೇಲೆ ಮರಿ ಹಾಕಿದ ಕರಡಿ ಎರಗಿತ್ತು. ತಲೆಯ ಚರ್ಮ ಹಣೆಯಿಂದ ಹಿಂದಕ್ಕೆ ಕಿತ್ತು ಬಂದಿತ್ತು. ಎಡಗೈ ಮುರಿದಿತ್ತು. "ರಕ್ತ ನಿಲ್ಲವಲ್ದು ಡಾಕ್ಟ್ರೇ. ಕಿವಿ ಹಿಂದ ಒತ್ತಿ ಹಿಡಿದೀನಿ" ಎನ್ನುತ್ತಿದ್ದಳು. ಆ ಕಡೆಯ ಡಾಕ್ಟರು ಎಲ್ಲಿ ಬೆರಳಿಡಬೇಕು, ಎಷ್ಟು ಬಿಗಿಯಾಗಿ ಕಟ್ಟಬೇಕು, ಯಾವ ಚುಚ್ಚುಮದ್ದು ಎಂದು ಹೇಳುತ್ತಿದ್ದರು. ಹೆಲಿಕಾಪ್ಟರು ಹೊರಟಿದೆ ಎಂದರು. ಎಲ್ಲಿ ಇಳಿಯಬೇಕು ಎಂದು ಕೇಳಿದರು.

"ಬುಟ್ಟಿ ಆಫೀಸಿನ ಹಿಂದಿನ ಬಯಲು" ಎಂದಳು ನಾಗವೇಣಿ. "ಅಲ್ಲೇ ಹತ್ರ."

ಖಾಜಾಹುಸೇನ್ ಆಗಲೇ ಬಯಲಿನ ಕಡೆ ಓಡಿದ್ದ. ನೀಲಾಂಬಿಕಾ ಬುಟ್ಟಿಗಳನ್ನೆಲ್ಲ ಹೆಲಿಕಾಪ್ಟರಿನ ಗಾಳಿಗೆ ಸಿಗದಂತೆ ಮೇಲ್ಮುಖ ಮಾಡಿ ನಿಲ್ಲಿಸಲು ಹೇಳಿದರು. ಮುನ್ನೂರ ಇಪ್ಪತ್ತು ಬುಟ್ಟಿಗಳು ಅರಳೆಯನ್ನು ಬಿಟ್ಟು ನೆಟ್ಟಗೆ ನಿಂತವು. ಹುಲಿಗೆವ್ವ ಕದಲಲಿಲ್ಲ. ಪರದೆಯ ಬಿಳಿ ಗೋಡೆಯನ್ನೇ ನೋಡುತ್ತಿದ್ದಳು. ಮಗಳು ಉಸಿರು ತೆಗೆದುಕೊಂಡಾಗ ಅದು ತುಸು ಇಳಿಯುತ್ತಿತ್ತು, ಮಾತಾಡಿದಾಗ ಏರುತ್ತಿತ್ತು.

"ಅರಳೆಗಿಂತ ಎಷ್ಟು ಜೋರೈತಿ?" ಎಂದು ಕೇಳಿದಳು.

"ಎಷ್ಟೋ ಕೋಟಿ ಪಟ್ಟು" ಎಂದರು ನೀಲಾಂಬಿಕಾ.

"ಇಷ್ಟು ಸಣ್ಣ ಸಪ್ಪಳ ಕೇಳಾಕ ಕುಂತಿದ್ದೀರಿ ನೀವು" ಎಂದಳು ಹುಲಿಗೆವ್ವ. ಅದರಲ್ಲಿ ಆಕ್ಷೇಪವಿರಲಿಲ್ಲ. ಆ ಸಣ್ಣದು ಎಷ್ಟು ಸಣ್ಣದು ಎಂದು ಆಕೆಗೆ ಅಂದೇ ತಿಳಿದಂತಿತ್ತು.

ಮೂರು ಗಂಟೆ ಆ ಸೆಟ್ಟು ಮಾತಾಡಿತು. ಎರಡೂವರೆಗೆ ಹೆಲಿಕಾಪ್ಟರು ಬೀರಪ್ಪನನ್ನು ಹೊತ್ತು ಹಾರಿತು. ಅವನು ಬದುಕಿದ. ನೂರಾ ಎಂಟು ಹೊಲಿಗೆ ಬಿದ್ದವು. ಅರಳೆಯ ಆ ದಿನ ಹೋಯಿತು.

ಸಂಜೆ ಹುಲಿಗೆವ್ವ ನೀಲಾಂಬಿಕಾರ ಕ್ವಾರ್ಟರ್ಸಿಗೆ ಬಂದು ಬಾಗಿಲಲ್ಲೇ ನಿಂತಳು. "ಇನ್ನೊಂದು ದಿನ ತಗೋರಿ ಅಕ್ಕಾರ. ನಾ ಮನಿ ಮನಿಗೆ ಹೋಗಿ ಹೇಳ್ತೀನಿ. ಯಾರೂ ಒಲ್ಲೆ ಅನ್ನಂಗಿಲ್ಲ."

ಆ ಒಂದು ದಿನದ ಬೆಲೆ ನೀಲಾಂಬಿಕಾಗೆ ಚೆನ್ನಾಗಿ ಗೊತ್ತಿತ್ತು. "ಬ್ಯಾಡ ಹುಲಿಗೆವ್ವಕ್ಕ. ಹನ್ನೊಂದು ಅಂತ ಕೇಳಿದ್ದೆ. ಹನ್ನೊಂದು ಕೊಟ್ರಿ. ಇವತ್ತು ನಿಮ್ಮ ಮಗಳಿಗೆ ಆ ಸೆಟ್ ಇತ್ತು. ನಾಳೆ ಆಕಿ ಇಲ್ಲದ ಕಡೆ ಯಾರಿಗಾದರೂ ಬೇಕಾದರ?"

ಒಳಗೆ ಬಂದು ಚಹಾ ಕುಡಿದು ಹೋಗಿ ಎಂದರು. ಹುಲಿಗೆವ್ವ ಬಂದಳು.

ಹನ್ನೊಂದನೆಯ ದಿನ ನಾಲ್ಕು ಗಂಟೆಗೆ ಅರಳೆ ಇಳಿಯಿತು. ಮರುದಿನ ಬೆಳಿಗ್ಗೆ ಟವರು ಚಾಲೂ ಆಯಿತು. ಊರೆಲ್ಲ ಫೋನುಗಳ ಸದ್ದು. ಒಂದೇ ಓಣಿಯ ಎದುರುಬದುರು ಮನೆಯವರು ಕಿಟಕಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಲೇ ಫೋನಿನಲ್ಲಿ ಮಾತಾಡಿದರು. ಆ ಅಲೆಗಳ ನಡುವೆ ಬುಟ್ಟಿಗಳು ಕಿವುಡಾದವು. ಅರಳೆಯನ್ನು ಈ ತಗ್ಗಿನಿಂದ ಇನ್ನು ಯಾರೂ ಕೇಳಲಾರರು.

ನೀಲಾಂಬಿಕಾ ಮತ್ತು ಖಾಜಾಹುಸೇನ್ ಮೂರು ದಿನ ಲೆಕ್ಕದಲ್ಲಿ ಮುಳುಗಿದರು. ಮೂರನೆಯ ದಿನ ಮಧ್ಯಾಹ್ನ, ಕಳೆಯಬೇಕಾದ್ದೆಲ್ಲ ಕಳೆದ ಮೇಲೆ, ಪರದೆಯ ಮೇಲೆ ಹದಿನೇಳು ಬಾಣಗಳು ಮೂಡಿದವು. ಒಂದೊಂದು ಬಾಣ ಆ ಜಾಗದ ಅನಿಲವನ್ನು ಯಾವುದೋ ಒಂದು ಎಳೆದ ದಿಕ್ಕು.

ಎಲ್ಲ ಬಾಣಗಳೂ ಅರಳೆಯ ನಡುವಿಗೆ ಮುಖ ಮಾಡಿರಬೇಕಿತ್ತು. ಹನ್ನೆರಡು ಹಾಗೇ ಇದ್ದವು. ಉಳಿದ ಐದು, ಅರಳೆಯ ಒಂದೇ ಅಂಚಿನಲ್ಲಿದ್ದಂಥವು, ವಾಲಿಕೊಂಡು ಅರಳೆಯ ಹೊರಗಿನ ಖಾಲಿ ಬಯಲನ್ನು ತೋರಿಸುತ್ತಿದ್ದವು.

"ತಪ್ಪು" ಎಂದ ಖಾಜಾಹುಸೇನ್. "ಸಿಡಿಲು ಬಿದ್ದ ಮ್ಯಾಲೆ ಗಡಿಯಾರ ಎಲ್ಲೋ ಓಡೈತಿ."

ಗಡಿಯಾರ ಓಡಿದ್ದರೆ ಹದಿನೇಳೂ ಬಾಣಗಳು ಕೆಡಬೇಕಿತ್ತು. ಆದರೂ ಪರೀಕ್ಷಿಸಿದರು. ಸರಿಯಿತ್ತು. ಒಂಬತ್ತನೆಯ ದಿನದ ಉಳಿದ ಅಷ್ಟಿಷ್ಟನ್ನು ಪೂರಾ ತೆಗೆದು ಹಾಕಿದರು. ಬಾಣಗಳು ಕೊಂಚ ಅಲುಗಿದವು, ದಿಕ್ಕು ಬದಲಿಸಲಿಲ್ಲ. ಒಂದೊಂದೇ ದಿನ ತೆಗೆದು ನೋಡಿದರು. ಐದು ಬಾಣಗಳು ಅದೇ ಬಯಲನ್ನು ತೋರಿಸಿದವು. ಐದನ್ನೂ ಗೆರೆ ಎಳೆದು ಮುಂದಕ್ಕೆ ಬೆಳೆಸಿದರೆ ಇಪ್ಪತ್ತು ಸಾವಿರ ಜ್ಯೋತಿರ್ವರ್ಷದಾಚೆ ಒಂದೇ ಕಡೆ ಕೂಡುತ್ತಿದ್ದವು.

ಆ ಜಾಗದಲ್ಲಿ ಏನೂ ಇರಲಿಲ್ಲ. ಪ್ರಪಂಚದ ಎಲ್ಲ ದೂರದರ್ಶಕಗಳ ಚಿತ್ರಗಳನ್ನು ತೆಗೆದು ನೋಡಿದರು. ನಕ್ಷತ್ರವಿಲ್ಲ, ಅನಿಲವಿಲ್ಲ, ಧೂಳೂ ಇಲ್ಲ. ಅಷ್ಟು ಎಳೆಯಲು ಅಲ್ಲಿ ಇರಬೇಕಾದ ತೂಕ ಮಾತ್ರ ಅರಳೆಯ ಸುಮಾರು ಮೂರು ಪಟ್ಟು.

ಎಂದೂ ದೀಪ ಹಚ್ಚದ ಗೆಲಾಕ್ಸಿ. ಒಂದಾದರೂ ನಕ್ಷತ್ರ ಹುಟ್ಟಲು ಬೇಕಾದ ಒಂದು ಹಿಡಿ ಅನಿಲವೂ ಅದಕ್ಕೆ ದಕ್ಕಿರಲಿಲ್ಲ. ವಿಶ್ವ ಹುಟ್ಟಿದಂದಿನಿಂದ ಅದು ಯಾರಿಗೂ ಕಾಣದೆ ತೇಲುತ್ತ, ತನ್ನ ಅಪಾರ ತೂಕ ಹೊತ್ತು, ಈಗ ಪರಸ್ಪರ ಎಳೆತಕ್ಕೆ ಸಿಕ್ಕಿ ಅರಳೆಯ ಕಡೆ ಬರುತ್ತಿತ್ತು.

ನೀಲಾಂಬಿಕಾ ಎದ್ದು ಹೊರಗೆ ಹೋದರು. ಬಿಸಿಲು ಚುರುಗುಡುತ್ತಿತ್ತು. ಹತ್ತಿರದ ಬುಟ್ಟಿಯ ಸಿಮೆಂಟು ಕಟ್ಟೆಯ ಮೇಲೆ ಕೂತರು. ಇಪ್ಪತ್ನಾಲ್ಕು ವರ್ಷ ಅವರು ಹಗ್ಗ ಎಷ್ಟು ಬಿಗಿ ಎಂದು ತಿಳಿಯಲು ಕಾದಿದ್ದರು. ಹಗ್ಗ ಹಿಡಿದ ಇನ್ನೊಂದು ಕೈ ಆಚೆ ಇದೆ ಎಂದು ಊಹಿಸಿರಲಿಲ್ಲ. ಕಣ್ಣೆತ್ತಿ ನೋಡಿದರು. ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು. ಅಲ್ಲಿ ಅವರಿಗೆ ತೋರಿದ್ದು ಖಾಲಿಯಲ್ಲ, ಒತ್ತೊತ್ತಾಗಿ ತುಂಬಿದ ಒಂದು ಇರುವಿಕೆ. ಖಾಜಾಹುಸೇನ್ ಬಂದು ಪಕ್ಕದಲ್ಲಿ ಕೂತ.

ಆಮೇಲೆ ನೀಲಾಂಬಿಕಾ ದಿಲ್ಲಿಗೆ ಫೋನು ಮಾಡಲಿಲ್ಲ. ಹುಲಿಗೆವ್ವನಿಗೆ ಮಾಡಿದರು.

ಮರುದಿನ ಅದೇ ತಗಡಿನ ಚಪ್ಪರದಲ್ಲಿ ಸಭೆ. ಆಸ್ಪತ್ರೆಯಿಂದ ಬೀರಪ್ಪನ ಹೆಂಡತಿಯೂ ಬಂದಿದ್ದಳು. ಕರಡಿಹಾಳದ ಚರಿತ್ರೆಯಲ್ಲಿ ಮೊದಲ ಸಲ ಅಧ್ಯಕ್ಷೆ ಎದ್ದು, "ಫೋನು ಬಂದ್ ಮಾಡ್ರಿ" ಎನ್ನಬೇಕಾಯಿತು. ನೀಲಾಂಬಿಕಾ ಬಿಳಿ ಬಟ್ಟೆಯ ಮೇಲೆ ಅರಳೆಯನ್ನು ತೋರಿಸಿದರು, ಬಾಣಗಳನ್ನು ತೋರಿಸಿದರು, ಕೊನೆಗೆ ಐದು ಗೆರೆಗಳು ಕೂಡುವ ಖಾಲಿ ಜಾಗವನ್ನು ತೋರಿಸಿದರು. ಅಲ್ಲಿ ಏನಿದೆ ಎಂದು ಹೇಳಿದರು.

"ಇದು ಮೊದಲು ಕಂಡದ್ದು ಈ ಊರಿಗೆ" ಎಂದರು. "ಒಂಬತ್ತನೇ ದಿನ ಹೋದದ್ದರಿಂದ ಅದರ ದೂರ, ತೂಕ ಕರಾರುವಾಕ್ಕಾಗಿ ಸಿಕ್ಕಿಲ್ಲ. ಇರೋದು ಮಾತ್ರ ಖರೆ. ಅದಕ್ಕ ಹೆಸರಿಲ್ಲ. ಹುಲಿಗೆವ್ವಕ್ಕ ಒಪ್ಪಿದರ, ಅವರ ಯಜಮಾನರು ಫಕೀರಪ್ಪನವರ ಹೆಸರು ಇಡಬೇಕು ಅಂತ ನನ್ನ ಮನಸಿನಾಗ ಐತಿ."

ಹುಲಿಗೆವ್ವ ಬಟ್ಟೆಯ ಮೇಲಿನ ಖಾಲಿ ಜಾಗವನ್ನು ನೋಡಿದಳು. "ಬ್ಯಾಡ ಅಕ್ಕಾರ" ಎಂದಳು. "ಅವರು ಬಲು ಮಾತುಗಾರ. ಮಂದಿ ಇದ್ದಲ್ಲೇ ಇರೋರು. ಅಷ್ಟು ಸುಮ್ಮನಿರೋ ಜಾಗಕ್ಕ ಅವರ ಹೆಸರು ಒಗ್ಗಂಗಿಲ್ಲ."

ಸಭೆಯಲ್ಲಿ ಅಲ್ಲಲ್ಲಿ ನಗೆ ಎದ್ದಿತು. ಫಕೀರಪ್ಪನನ್ನು ಬಲ್ಲವರು ಅವರು. ಹುಲಿಗೆವ್ವನೂ ನಕ್ಕಳು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಅದು ಅರಳೆಗೆ ಬಂದು ಬಡಿದರ ಏನಾಗತೈತಿ?" ನಾಗವೇಣಿ ಕೇಳಿದಳು.

"ಬಡಿಯಂಗಿಲ್ಲ. ಹೊಗಿಯೊಳಗ ಹೊಗಿ ಹೊಕ್ಕಂಗ ಹಾದು ಹೊಕ್ಕೈತಿ. ಹಾದು ಹೋಗುವಾಗ ಅದರ ತೂಕಕ್ಕ ಅರಳೆಯ ಅನಿಲ ಒತ್ತಿ ಒತ್ತಿ ಗಟ್ಟಿ ಆಗತೈತಿ. ಸಾವಿರ ಕೋಟಿ ವರ್ಷ ತಣ್ಣಗಿದ್ದ ಅನಿಲ ಆಗ ಹೊತ್ತಿಕೊಳ್ಳತೈತಿ. ಹೊಸ ನಕ್ಷತ್ರ ಹುಟ್ಟತಾವ, ಸಾವಿರ ಸಾವಿರ."

"ಯಾವಾಗ?"

"ಸುಮಾರು ಏಳು ಕೋಟಿ ವರ್ಷಕ್ಕ. ಒಂದು ಕೋಟಿ ಹಿಂದ ಮುಂದ ಆಗಬಹುದು."

ತಗಡಿನ ಮೇಲೆ ಒಂದು ಕಾಗೆ ನಡೆದಾಡುತ್ತಿದ್ದ ಸದ್ದು ಕೇಳುತ್ತಿತ್ತು. ಆಗ ಹುಲಿಗೆವ್ವ ಪಂಚಾಯಿತಿಯ ಪಿಡಿಒ ಶರಣಬಸವನ ಕಡೆ ತಿರುಗಿದಳು.

"ಇದನ್ನ ಠರಾವಿನ್ಯಾಗ ಬರಕೋರಿ."

ಶರಣಬಸವ ಪೆನ್ನು ತೆಗೆದು, ಪುಟ ನೋಡಿ ಗೊಂದಲಕ್ಕೆ ಬಿದ್ದ. "ಯಾವ ತಲೆಬರಹದ ಕೆಳಗೆ ಬರೀಲಿ ಅಧ್ಯಕ್ಷರೇ? ಕುಡಿಯುವ ನೀರು ಇದೆ, ಚರಂಡಿ ಇದೆ, ಬೀದಿದೀಪ ಇದೆ."

"ಇತರೆ ವಿಷಯ ಅಂತ ಇರತೈತಲ್ಲ."

"ಇದೆ."

ಅವನು ಬರೆದು, ಎದ್ದು ನಿಂತು, ಎಲ್ಲ ಠರಾವುಗಳನ್ನು ಓದುವ ದನಿಯಲ್ಲೇ ಓದಿದ: "ಅರಳೆ ಎಂಬ ಕುಬ್ಜ ಗೆಲಾಕ್ಸಿಯ ಪಕ್ಕದಲ್ಲಿ ಬೆಳಕಿಲ್ಲದ ಇನ್ನೊಂದು ಗೆಲಾಕ್ಸಿ ಇರುವುದಾಗಿಯೂ, ಸುಮಾರು ಏಳು ಕೋಟಿ ವರ್ಷಗಳ ನಂತರ ಅದು ಹಾದು ಹೋಗುವಾಗ ಸದರಿ ಅರಳೆಯಲ್ಲಿ ಹೊಸ ನಕ್ಷತ್ರಗಳು ಹೊತ್ತಿಕೊಳ್ಳುವುದಾಗಿಯೂ ಸಭೆಗೆ ತಿಳಿಸಲಾಯಿತು. ಸಭೆಯು ಗಮನಿಸಿತು."

"ಯಾರದಾದರೂ ತಕರಾರು?" ಹುಲಿಗೆವ್ವ ಕೇಳಿದಳು.

ಇರಲಿಲ್ಲ. ಜನ ಸಾಲಾಗಿ ಬಂದು ಸಹಿ ಹಾಕಿದರು. ಮುದುಕರು ಹೆಬ್ಬೆಟ್ಟು ಒತ್ತಿದರು. ಬೀರಪ್ಪನ ಹೆಂಡತಿ ತನ್ನ ಹೆಸರು ಬರೆದು, ಕೆಳಗೆ ಗಂಡನ ಹೆಸರನ್ನೂ ಬರೆದಳು. ನೀಲಾಂಬಿಕಾ ಊರಿನ ಮತದಾರರಲ್ಲವಾದರೂ ಅವರ ಕೈಗೂ ಪೆನ್ನು ಕೊಟ್ಟರು. ಅವರೂ ಸಹಿ ಹಾಕಿದರು.

ಶರಣಬಸವ ಪುಸ್ತಕ ಮುಚ್ಚಲು ಹೋಗಿ ನಿಂತ. "ಒಂದು ಕಾಲಂ ಉಳಿದಿದೆ. ಮುಂದಿನ ಕ್ರಮ, ಯಾರ ಜವಾಬ್ದಾರಿ. ಅದನ್ನು ಖಾಲಿ ಬಿಡೋ ಹಾಗಿಲ್ಲ."

ಹುಲಿಗೆವ್ವ ನೀಲಾಂಬಿಕಾರನ್ನು ನೋಡಿದಳು. ಅವರು ಗೊತ್ತಿಲ್ಲ ಎನ್ನುವಂತೆ ತಲೆಯಾಡಿಸಿದರು. ಹುಲಿಗೆವ್ವ ಒಂದು ಗಳಿಗೆ ಯೋಚಿಸಿದಳು.

"ಆಗ ಇರುವವರು" ಎಂದಳು. "ಹಂಗೇ ಬರೀರಿ."

ಅವನು ಹಾಗೇ ಬರೆದ.